500 ಮೈಕ್ರಾನ್ ದಾಟಿದರೆ ಮಬ್ಬು: ಪವರ್ ಏರಿಸೋದಾ, ತ್ರೀ-ಫೋಟಾನ್‌ಗೆ ಹೋಗೋದಾ?

ಕಿಟಕಿಗಾಜು
ಎಲ್ಲರಿಗೂ ನಮಸ್ಕಾರ. ನಮ್ಮದು ಟೂ-ಫೋಟಾನ್ ಮೈಕ್ರೊಸ್ಕೋಪ್ (ಎರಡು ಫೋಟಾನ್ ಒಟ್ಟಿಗೆ ಹೀರಿದಾಗ ಹೊಳೆಯುವ ಬೆಳಕಿನಿಂದ ಜೀವಂತ ಅಂಗಾಂಶದ ಆಳ ನೋಡೋ ಯಂತ್ರ). ಮೌಸ್‌ನ ವಿಷುವಲ್ ಕಾರ್ಟೆಕ್ಸ್ (ಮಿದುಳಿನ ದೃಷ್ಟಿ ಭಾಗ), ಎಎವಿ (ಜೀನ್ ಸಾಗಿಸುವ ವೈರಸ್) ಮೂಲಕ ಜಿಕ್ಯಾಂಪ್6ಎಸ್ (ನ್ಯೂರಾನ್ ಚುರುಕಾದಾಗ ಹಸಿರಾಗಿ ಹೊಳೆಯುವ ಪ್ರೋಟೀನ್). ಟೈಟೇನಿಯಂ-ಸಫೈರ್ ಲೇಸರ್, 920 ನ್ಯಾನೊಮೀಟರ್, 80 ಮೆಗಾಹರ್ಟ್ಜ್. 8 ಕಿಲೋಹರ್ಟ್ಜ್ ರೆಸೊನೆಂಟ್ ಸ್ಕ್ಯಾನರ್, 25ಎಕ್ಸ್ 1.05 ಎನ್‌ಎ (ಲೆನ್ಸ್ ಎಷ್ಟು ಅಗಲದ ಕೋನದ ಬೆಳಕು ಹಿಡಿಯುತ್ತೆ ಅನ್ನೋ ಅಳತೆ) ನೀರಿನ ಆಬ್ಜೆಕ್ಟಿವ್, ಗ್ಯಾಸ್ಪ್ ಪಿಎಂಟಿ (ಮಂದ ಬೆಳಕು ಹಿಡಿಯುವ ಸೆನ್ಸರ್). 250 ಮೈಕ್ರಾನ್ ಆಳದಲ್ಲಿ 40 ಮಿಲಿವ್ಯಾಟ್ ಹಾಕಿದರೆ ಚಿತ್ರ ಬಲು ಚೆನ್ನಾಗಿದೆ. 550ಕ್ಕೆ ಇಳಿದರೆ 180 ಮಿಲಿವ್ಯಾಟ್ ಕೊಟ್ಟರೂ ಎಲ್ಲ ಬೂದಿ ಬಣ್ಣ, ಕೋಶದ ಅಂಚು ಗುರುತು ಸಿಗಲ್ಲ. ಪವರ್ ಇನ್ನೂ ಏರಿಸಿದರೆ ಇಡೀ ಚಿತ್ರ ಬೆಳಗುತ್ತೆ, ಕೋಶ ಮಾತ್ರ ಎದ್ದು ಕಾಣಲ್ಲ.

ನಮಗೆ ಬೇಕಿರೋದು ಕಾರ್ಟೆಕ್ಸ್‌ನ 5ನೇ ಪದರ. ತ್ರೀ-ಫೋಟಾನ್ ಲೇಸರ್‌ಗೆ ಅರ್ಜಿ ಹಾಕೋಣ ಅನ್ನೋ ಮಾತು ನಡೀತಿದೆ. ಹಾಕಬೇಕಾ, ಅಥವಾ ಇರೋದರಲ್ಲೇ ಸರಿ ಮಾಡೋಕೆ ಜಾಗ ಇದೆಯಾ?

ಆಳನೋಟ
ಹಾಕಿ. 500 ದಾಟಿದ ಮೇಲೆ ಟೂ-ಫೋಟಾನ್ ಜೊತೆ ಗುದ್ದಾಡೋದು ವ್ಯರ್ಥ. 1300 ನ್ಯಾನೊಮೀಟರ್‌ನಲ್ಲಿ ಜಿಕ್ಯಾಂಪ್ 1 ಮಿಲಿಮೀಟರ್ ಆಳದವರೆಗೂ ಸಲೀಸಾಗಿ ಸಿಗುತ್ತೆ. 2017ರಲ್ಲೇ ಕಾರ್ನೆಲ್‌ನವರು ಮೌಸ್ ಹಿಪೊಕ್ಯಾಂಪಸ್‌ನ ನ್ಯೂರಾನ್ ಚಟುವಟಿಕೆಯನ್ನ ಮೇಲಿನ ಕಾರ್ಟೆಕ್ಸ್ ತೆಗೆಯದೆಯೇ ತೋರಿಸಿಬಿಟ್ಟರು.

ಫೆಮ್ಟೊಭಟ್ಟ
ತಡೀರಿ ಮಾರಾಯ್ರೆ, ಕೋಟಿಗಟ್ಟಲೆ ಸಾಮಾನಿಗೆ ಕೈ ಹಾಕುವ ಮೊದಲು ಲೆಕ್ಕ ಹಾಕುವ. 920ರಲ್ಲಿ ಮೌಸ್ ಕಾರ್ಟೆಕ್ಸ್‌ನ ಸ್ಕ್ಯಾಟರಿಂಗ್ ಲೆಂತ್ (ಚದುರದೆ ಉಳಿದ ಬೆಳಕು ಸುಮಾರು 2.7ರಲ್ಲಿ ಒಂದು ಪಾಲಿಗೆ ಇಳಿಯುವ ದೂರ) ಸುಮಾರು 150 ಮೈಕ್ರಾನ್ ಅಂತ ಇಟ್ಟುಕೊಳ್ಳಿ. 250ರಿಂದ 550ಕ್ಕೆ ಇಳಿದರೆ 300 ಮೈಕ್ರಾನ್, ಅಂದ್ರೆ ಎರಡು ಲೆಂತ್. ಫೋಕಸ್‌ಗೆ ಅಷ್ಟೇ ಬೆಳಕು ಮುಟ್ಟಬೇಕಾದರೆ ಮೇಲ್ಮೈ ಪವರ್ 7.4 ಪಟ್ಟು ಆಗಬೇಕು. 40 ಇದ್ದದ್ದು 295 ಆಯ್ತು. ನೀವು ಕೊಟ್ಟದ್ದು 180. ಸಿಗ್ನಲ್ ಪವರ್‌ನ ವರ್ಗಕ್ಕೆ ಹೋಗುವುದರಿಂದ 180ಕ್ಕೆ ಬರಬೇಕಾದದ್ದು 250 ಮೈಕ್ರಾನಿನಲ್ಲಿ ಕಂಡದ್ದರ ಮೂರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು.

ಮೂರರಲ್ಲಿ ಒಂದು ಅಂದ್ರೆ ಮಂದ ಇರಬಹುದು, ಆದರೆ ಕೋಶ ಕಾಣಲೇಬೇಕು. ಕಾಣದಿದ್ರೆ ನಡುವೆ ಎಲ್ಲೋ ಸೋರಿಕೆ ಇದೆ. ಅದು ಪಲ್ಸ್ ಇರಬಹುದು, ಗಾಜು ಇರಬಹುದು, ಹಿನ್ನೆಲೆ ಬೆಳಕು ಇರಬಹುದು. ಯಾವುದು ಅಂತ ಮೊದಲು ಬೇರ್ಪಡಿಸಿ.

ಹುಬ್ಳಿ_ಆಪ್ಟಿಕ್ಸ್
180 ಅಂದ್ರಲ್ರಿ, ಆಬ್ಜೆಕ್ಟಿವ್ ಕೆಳಗ ಅಳದದ್ದೋ, ಸಾಫ್ಟ್‌ವೇರ್ ಸ್ಲೈಡರ್ ತೋರಿಸಿದ್ದೋ?

ಕಿಟಕಿಗಾಜು
ಆಬ್ಜೆಕ್ಟಿವ್ ಕೆಳಗೆ, ಥರ್ಮಲ್ ಸೆನ್ಸರ್‌ನಲ್ಲಿ, ಸ್ಕ್ಯಾನರ್ ಓಡುತ್ತಿರುವಾಗ. ಫ್ಲೈಬ್ಯಾಕ್ ಬ್ಲ್ಯಾಂಕಿಂಗ್ (ಸ್ಕ್ಯಾನರ್ ಹಿಂದಕ್ಕೆ ತಿರುಗುವಾಗ ಲೇಸರ್ ತಡೆಯೋದು) ಆನ್ ಇತ್ತು.

ಹುಬ್ಳಿ_ಆಪ್ಟಿಕ್ಸ್
ಹಂಗಾದ್ರ ಅದು ಸರಾಸರಿ. ಬ್ಲ್ಯಾಂಕಿಂಗ್ ಸಾಲಿನ ಎರಡೂ ತುದಿ ಕತ್ತರಿಸತದ, ಅಂದಮ್ಯಾಲೆ ಚಿತ್ರ ತಗೊಳ್ಳೋ ಹೊತ್ತಿನಾಗ ಬೀಳೋ ಪವರ್ ಇನ್ನೂ ಹೆಚ್ಚಿಗಿರತದ. ಎರಡೂ ಬರದಿಡ್ರಿ: ಬಿಸಿಯ ಲೆಕ್ಕಕ್ಕ ಸರಾಸರಿ, ಸಿಗ್ನಲ್ ಲೆಕ್ಕಕ್ಕ ಆ ಕ್ಷಣದ್ದು. ಇನ್ನೊಂದು ಮಾತು. 1.05 ಎನ್‌ಎ ಆಬ್ಜೆಕ್ಟಿವ್ ಪೂರ್ತಿ ತುಂಬಿಸಿ, ನೀರಿಲ್ಲದ ಗಾಳಿಯೊಳಗ ಅಳದ್ರ ಹೊರಅಂಚಿನ ಕಿರಣ ಲೆನ್ಸಿನಿಂದ ಹೊರಗ ಬರಂಗಿಲ್ಲ, ಮೀಟರ್ ಕಡಿಮಿ ತೋರಸತದ. ಖರೇ ಪವರ್ ನೀವು ತಿಳಕೊಂಡಿದ್ದಕ್ಕಿಂತ ಮ್ಯಾಲಿರಬಹುದು.

ಪದರಐದು
ಪವರ್ ಮಾತು ಬಂದಿದ್ದಕ್ಕೆ ಹೇಳ್ತೀನಿ, 300 ಕೊಟ್ಟು ನೋಡೋಣ ಅಂತ ಯಾರೂ ಹೊರಡಬೇಡಿ. 2016ರಲ್ಲಿ ಮೌಸ್ ಮಿದುಳಿನಲ್ಲಿ ಇದನ್ನೇ ಅಳೆದಿದ್ದಾರೆ. ಬಿಸಿ ಪ್ರತಿ 100 ಮಿಲಿವ್ಯಾಟ್‌ಗೆ 1.8 ಡಿಗ್ರಿವರೆಗೂ ಏರುತ್ತೆ, ಬಿಡದೆ ಸ್ಕ್ಯಾನ್ ಮಾಡುವಾಗ 250 ಮಿಲಿವ್ಯಾಟ್ ದಾಟಿದರೆ ಉಳಿದುಬಿಡುವ ಹಾನಿ ಶುರುವಾಗುತ್ತೆ. ಹಾನಿ ಆ ಕ್ಷಣಕ್ಕೆ ಕಾಣಿಸೋದೂ ಇಲ್ಲ. ಇನ್ನೊಂದು ದಿನ ಬಂದು ನೋಡಿದಾಗ ಡೆಂಡ್ರೈಟ್ (ನ್ಯೂರಾನಿನ ಕವಲು) ಮಣಿಸರದಂತೆ ಗಂಟುಗಂಟಾಗಿರುತ್ತೆ, ಕೆಲವು ಕೋಶ ಮಿನುಗದೆ ಸುಮ್ಮನೆ ಉರಿಯುತ್ತಾ ಇರುತ್ತೆ. ಅಂಥ ಡೇಟಾ ಇಟ್ಟುಕೊಂಡು ಏನೂ ಹೇಳೋಕಾಗಲ್ಲ, ಪ್ರಾಣಿಯ ಜೀವವೂ ದಂಡ.

ಫೆಮ್ಟೊಭಟ್ಟ
ಸರಿಯಾದ ಮಾತು. ಈಗ ಮೂರು ಪರೀಕ್ಷೆ ಹೇಳುತ್ತೇನೆ, ಯಾವುದಕ್ಕೂ ಹೊಸ ಸಾಮಾನು ಬೇಡ.

ಒಂದು, ಲೇಸರ್ ಶಟರ್ ಮುಚ್ಚಿ ಪಿಎಂಟಿ ಮಾತ್ರ ಆನ್ ಇಟ್ಟು ಒಂದು ಫೈಲ್ ತೆಗೀರಿ. ಹಿಸ್ಟೊಗ್ರಾಂ ಸೊನ್ನೆಯ ಹತ್ತಿರ ಕಿರಿದಾಗಿ ನಿಲ್ಲಬೇಕು. ಬಾಲ ಬೆಳೆದಿದ್ದರೆ ಕೋಣೆಯ ಬೆಳಕು ಒಳಗೆ ಬರ್ತಾ ಇದೆ. ವಿಷುವಲ್ ಕಾರ್ಟೆಕ್ಸ್ ಅಂದ್ರಲ್ಲ, ಇಲಿಗೆ ತೋರಿಸುವ ಪರದೆ ಆನ್ ಮತ್ತು ಆಫ್, ಎರಡೂ ಸಲ ನೋಡಿ. ಆಬ್ಜೆಕ್ಟಿವ್‌ಗೂ ಹೆಡ್‌ಪ್ಲೇಟ್‌ಗೂ ನಡುವೆ ಕಪ್ಪು ರಬ್ಬರ್ ಕೋನ್ ಇಲ್ಲದಿದ್ರೆ ಪರದೆಯ ಹಸಿರು ನೇರ ಪಿಎಂಟಿಗೇ ಹೋಗ್ತದೆ.

ಎರಡು, 550ರಲ್ಲಿ ನಿಂತು ಪವರ್ 60, 90, 120, 180 ಮಾಡಿ, ಕೋಶದ ಬೆಳಕನ್ನು ಲಾಗ್-ಲಾಗ್ ಗ್ರಾಫ್ ಹಾಕಿ. ಇಳಿಜಾರು 2 ಬರಬೇಕು. 1ರ ಕಡೆ ಬಾಗಿದರೆ ನಿಮಗೆ ಕಾಣ್ತಾ ಇರುವುದು ಟೂ-ಫೋಟಾನ್ ಬೆಳಕಲ್ಲ.

ಮೂರನೆಯದೇ ಮುಖ್ಯ. ಅದೇ ಆಳದಲ್ಲಿ ಒಂದು ರಕ್ತನಾಳ ಹುಡುಕಿ. ರಕ್ತಕ್ಕೆ ಬಣ್ಣ ಹಾಕಿಲ್ಲವಲ್ಲ, ನಾಳದ ಒಳಗೆ ಕಪ್ಪು ಇರಬೇಕು. ಕಪ್ಪಿದ್ದು ಕೋಶ ಮಂದ ಇದ್ರೆ ಸಿಗ್ನಲ್ ಸಾಲುತ್ತಿಲ್ಲ ಅಂತ. ನಾಳದ ಒಳಗೂ ಸುತ್ತಲಿನಷ್ಟೇ ಬೂದಿ ಇದ್ರೆ ಅದು ಮೇಲ್ಮೈಯಿಂದ ಎದ್ದ ಫ್ಲೋರೆಸೆನ್ಸ್, ಫೋಕಸ್‌ನದ್ದಲ್ಲ. ಆಗ ಪವರ್ ಎಷ್ಟು ಕೊಟ್ಟರೂ ಎರಡೂ ಒಟ್ಟಿಗೇ ಏರ್ತದೆ, ನಿಮಗೆ ಆಗ್ತಿರೋದು ಅದೇ ಇರಬಹುದು.

ನೀಲಿಫಿಲ್ಟರ್
ಮೂರನೇ ಪರೀಕ್ಷೆಗೆ ಒಂದು ತಿದ್ದುಪಡಿ. ತೆಳು ಕ್ಯಾಪಿಲರಿ ತಗೋಬೇಡಿ, ಅದರ ಮೇಲೆ ಕೆಳಗಿನ ನ್ಯೂರೊಪಿಲ್ (ಕೋಶದೇಹಗಳ ನಡುವಿನ ನರತಂತುಗಳ ಜಾಲ) ಬೆಳಕು ಬೆರೆಯುತ್ತೆ. 20 ಮೈಕ್ರಾನ್‌ಗಿಂತ ದಪ್ಪದ, ನೆಟ್ಟಗೆ ಕೆಳಕ್ಕಿಳಿಯುವ ನಾಳ ಹುಡುಕಿ, ಅದರ ನಡುಮಧ್ಯ ಅಳೆಯಿರಿ. ಪಿಎಂಟಿ ಆಫ್‌ಸೆಟ್ ಕಳೆಯೋದು ಮರೀಬೇಡಿ, ಇಲ್ಲದಿದ್ದರೆ ಅನುಪಾತವೇ ತಪ್ಪು.

ಆಳನೋಟ
ಇಷ್ಟೆಲ್ಲ ಮಾಡಿ ಕೊನೆಗೆ ಗೊತ್ತಾಗೋದು ಹಿನ್ನೆಲೆ ಬೆಳಕು ಅಂತಲೇ. ದಟ್ಟವಾಗಿ ಎಎವಿ ಹಾಕಿದ ಕಾರ್ಟೆಕ್ಸ್‌ನಲ್ಲಿ ಟೂ-ಫೋಟಾನ್ ಮಿತಿ ಅದೇ ತಾನೇ? ಮೇಲ್ಮೈಯಲ್ಲಿ ಪವರ್ ಅಷ್ಟು ಜಾಸ್ತಿ ಆಗುತ್ತೆ ಅಂದ್ರೆ ಫೋಕಸ್ ಆಗದ ಬೆಳಕೂ ಅಲ್ಲಿ ಎರಡೆರಡು ಫೋಟಾನ್ ಕೂಡಿಸುತ್ತೆ. ತ್ರೀ-ಫೋಟಾನ್‌ನಲ್ಲಿ ಘನಕ್ಕೆ ಹೋಗೋದರಿಂದ ಆ ಹಿನ್ನೆಲೆ ಸತ್ತೇ ಹೋಗುತ್ತೆ.

ಪದರಐದು
ಮಿತಿ ಇರೋದು ನಿಜ, ಆದರೆ ಎಲ್ಲಿ ಬರುತ್ತೆ ಅನ್ನೋದು ಎಷ್ಟು ದಟ್ಟವಾಗಿ ಜಿಕ್ಯಾಂಪ್ ಹಚ್ಚಿದ್ದೀರಿ ಅನ್ನೋದರ ಮೇಲೆ ನಿಂತಿದೆ. 2 ಮತ್ತು 3ನೇ ಪದರದ ಕೋಶಗಳೆಲ್ಲ ಹೊಳೀತಿದ್ದರೆ ಮಿತಿ ಬೇಗ ಬರುತ್ತೆ. 5ನೇ ಪದರ ಮಾತ್ರ ಬೇಕಾದರೆ ಅಲ್ಲಿಗಷ್ಟೇ ಹಚ್ಚಿ: ಆರ್‌ಬಿಪಿ4-ಕ್ರಿ ಮೌಸ್ (5ನೇ ಪದರದ ಕೋಶಗಳಲ್ಲಿ ಕ್ರಿ ಅನ್ನೋ ಕಿಣ್ವ ಇರುವ ತಳಿ), ಕ್ರಿ ಇದ್ದಲ್ಲಿ ಮಾತ್ರ ತೆರೆಯುವ ಎಎವಿ. ಮೇಲೆ ಉಳಿಯೋದು ಆ ಕೋಶಗಳ ಡೆಂಡ್ರೈಟ್ ಮಾತ್ರ. ಕೋಶದೇಹಕ್ಕಷ್ಟೇ ಸೀಮಿತವಾಗುವ ಜಿಕ್ಯಾಂಪ್ ಬಳಸಿದರೆ ಅದೂ ಇಳಿಯುತ್ತೆ. ಲೇಸರ್ ಬದಲಾಯಿಸದೆ 100 ಮೈಕ್ರಾನ್‌ಗೂ ಮೀರಿ ಆಳ ಸಿಗೋ ದಾರಿ ಇದು. ಯಾಕೋ ಇದನ್ನ ಎಲ್ಲರೂ ಕೊನೆಗೆ ಯೋಚಿಸ್ತಾರೆ.

ಹುಬ್ಳಿ_ಆಪ್ಟಿಕ್ಸ್
ತಲೆಬುರುಡಿ ಮ್ಯಾಲಿನ ಗಾಜಿನ ಕಿಟಕಿ ಹೆಂಗ ಕಟ್ಟೀರಿ? ಗಾಜು ಎಷ್ಟು ದಪ್ಪ?

ಕಿಟಕಿಗಾಜು
3 ಮಿ.ಮೀ. ಅಗಲದ ಗಾಜಿನ ಮೇಲೆ 5 ಮಿ.ಮೀ. ಅಗಲದ ಗಾಜು, ಯುವಿಯಲ್ಲಿ ಗಟ್ಟಿಯಾಗುವ ಆಪ್ಟಿಕಲ್ ಅಂಟಿನಿಂದ ಸೇರಿಸಿದ್ದು. ಎರಡೂ ನಂಬರ್ 1. ಡ್ಯೂರಾ (ಮಿದುಳಿನ ಹೊರಪೊರೆ) ತೆಗೆದಿಲ್ಲ.

ಹುಬ್ಳಿ_ಆಪ್ಟಿಕ್ಸ್
ಇಲ್ಲೇ ಅದ ನೋಡ್ರಿ. ನಂಬರ್ 1 ಅಂದ್ರ 0.13ರಿಂದ 0.16 ಮಿ.ಮೀ. ಎರಡು ಸೇರಿದ್ರ 0.3ರ ಹತ್ರ ಬಂತು, ಅಂಟು ಬ್ಯಾರೆ. ಆ ಆಬ್ಜೆಕ್ಟಿವ್ ಕಾಲರ್ (ಗಾಜಿನ ದಪ್ಪಕ್ಕ ಹೊಂದಿಸೋ ಉಂಗುರ) ತಿರಗೋದು 0.23 ತನಕ ಅಷ್ಟ. ಕಾಲರ್ ತುದಿಗೆ ಹಚ್ಚಿದ್ರೂ ಸ್ಫೆರಿಕಲ್ ಅಬರೇಶನ್ (ನಡುವಿನ ಕಿರಣ, ಅಂಚಿನ ಕಿರಣ ಒಂದ ಕಡೆ ಸೇರದ ದೋಷ) ಪೂರಾ ಹೋಗಂಗಿಲ್ಲ. ಅದರ ಮ್ಯಾಲೆ ಮಿದುಳಿನ ವಕ್ರೀಭವನಾಂಕ 1.36 ಆಸುಪಾಸು, ನೀರಿಂದು 1.33. ಕೆಳಗ ಹ್ವಾದಂಗೆಲ್ಲ ಅದೂ ಕೂಡತದ. ಮ್ಯಾಲಿನ ಪದರದಾಗ ಗೊತ್ತಾಗಂಗಿಲ್ಲ, 500 ದಾಟಿದ ಮ್ಯಾಲೆ ಫೋಕಸ್ ಉದ್ದಕ ಎಳದು ಹೋಗತದ, ಬೆಳಕು ಬೀಳತದ.

ಮುಂದಿನ ಕಿಟಕಿಗೆ ನಂಬರ್ 0 ಗಾಜು ಎರಡು ಹಾಕ್ರಿ, 0.2 ಸುತ್ತಮುತ್ತ ಬರತದ. ಈಗಿರೋ ಪ್ರಾಣಿಯೊಳಗ ಕಾಲರ್ ಹಿಂಗ ಹೊಂದಸ್ರಿ: ಬೇಕಾದ ಆಳಕ್ಕ ಹೋಗಿ, ಒಂದು ಸಣ್ಣ ಹೊಳೆಯೋ ಚುಕ್ಕಿ ಹಿಡದು, ಕಾಲರ್ ಒಂದೊಂದ ಗೆರೆ ತಿರಗಿಸಿ ಪ್ರತಿ ಸಲ ಝಡ್ (ಆಳದ ದಿಕ್ಕು) ಮತ್ತ ಫೋಕಸ್ ಮಾಡ್ರಿ. ಕಾಲರ್ ತಿರಗಿಸಿದ್ರ ಫೋಕಸ್ ಆಳಾನೂ ಸರೀತದ. ಝಡ್ ಸರಿ ಮಾಡದ ಬೆಳಕು ಹೋಲಿಸಿದ್ರ ತಪ್ಪು ಜಾಗದಾಗ ನಿಲ್ಲತೀರಿ.

ಫೆಮ್ಟೊಭಟ್ಟ
ಗಾಜು ವಾರೆ ಕೂತಿದೆಯಾ ಅಂತಲೂ ನೋಡಿ. ಗಾಜಿನ ತಳವನ್ನು ಫೋಕಸ್ ಮಾಡಿ ಫೀಲ್ಡಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಝಡ್ ಎಷ್ಟು ಬದಲಾಗ್ತದೆ ಅಳೆಯಿರಿ. 600 ಮೈಕ್ರಾನ್ ಅಗಲಕ್ಕೆ 20 ಮೈಕ್ರಾನ್ ವ್ಯತ್ಯಾಸ ಬಂದರೆ ಸುಮಾರು 2 ಡಿಗ್ರಿ ವಾರೆ. ಹೆಚ್ಚು ಎನ್‌ಎಗೆ ಅಷ್ಟೇ ಸಾಕು ಕೋಮಾ ಬರ್ಲಿಕ್ಕೆ: ಕೋಶದ ಒಂದು ಬದಿಗೆ ಬಾಲ ಹುಟ್ಟಿದ ಹಾಗೆ ಕಾಣ್ತದೆ. ಹೆಡ್‌ಪ್ಲೇಟ್ ಹಿಡಿಯುವ ಕ್ಲ್ಯಾಂಪ್ ಕೆಳಗೆ ಎರಡು ದಿಕ್ಕಿನ ಗೋನಿಯೊಮೀಟರ್ ಇದ್ರೆ ಪ್ರತಿ ಪ್ರಾಣಿಗೂ ಸರಿ ಮಾಡಬಹುದು.

ಜೀಬ್ರಾಮೀನು
ನಡುವೆ ಬಾಯಿ ಹಾಕ್ತಿದ್ದೀನಿ. ಪೂರ್ತಿ 1.05 ಎನ್‌ಎ ಬೇಕೇ ಬೇಕಾ?

ಫೆಮ್ಟೊಭಟ್ಟ
ಬೇಡ. ಆಳಕ್ಕೆ ಅದು ಹಾನಿಯೇ. 1.05 ಎನ್‌ಎ ಅಂದ್ರೆ ನೀರಿನಲ್ಲಿ ಹೊರಅಂಚಿನ ಕಿರಣ ಸುಮಾರು 52 ಡಿಗ್ರಿಯಲ್ಲಿ ಬರ್ತದೆ. 550 ಮೈಕ್ರಾನ್ ಆಳ ಮುಟ್ಟಲಿಕ್ಕೆ ಅದು ಓಡುವ ದಾರಿ 890 ಮೈಕ್ರಾನ್, ಹೆಚ್ಚುಕಡಿಮೆ ಆರು ಸ್ಕ್ಯಾಟರಿಂಗ್ ಲೆಂತ್. ಅದು ಫೋಕಸ್ ಮುಟ್ಟುವುದೇ ಇಲ್ಲ, ದಾರಿಯಲ್ಲಿ ಬಿಸಿ ಮಾಡಿ ಹೋಗ್ತದೆ. 0.7 ಎನ್‌ಎ ಆದ್ರೆ 32 ಡಿಗ್ರಿ, ದಾರಿ 650.

ಈ ಆಬ್ಜೆಕ್ಟಿವ್‌ನ ಹಿಂಬದಿ ರಂಧ್ರ 15 ಮಿ.ಮೀ. ಕಿರಣವನ್ನು 10 ಮಿ.ಮೀ.ಗೆ ಇಳಿಸಿದ್ರೆ 0.7 ಆಯ್ತು. ಝಡ್‌ನಲ್ಲಿ ಫೋಕಸ್ ಉದ್ದ 1 ಮೈಕ್ರಾನಿನಿಂದ 3ಕ್ಕೆ ಹೋಗ್ತದೆ ಅಷ್ಟೆ, ಕೋಶದೇಹ 10ರಿಂದ 15 ಮೈಕ್ರಾನ್ ಇರುವಾಗ ತೊಂದರೆ ಇಲ್ಲ. ಬೆಳಕು ಹಿಂದಕ್ಕೆ ಸಂಗ್ರಹ ಆಗುವುದು ಮಾತ್ರ ಪೂರ್ತಿ 1.05ರಲ್ಲೇ. ಗಾಜಿನ ಅಬರೇಶನ್ ಕೂಡ ಕಡಿಮೆ ಎನ್‌ಎಗೆ ಅಷ್ಟಾಗಿ ನಾಟುವುದಿಲ್ಲ, ಹುಬ್ಬಳ್ಳಿಯವರು ಹೇಳಿದ ಸಮಸ್ಯೆ ಅರ್ಧ ಇಲ್ಲೇ ಹೋಗ್ತದೆ.

ನೀಲಿಫಿಲ್ಟರ್
ಸ್ಪೈನ್ (ಡೆಂಡ್ರೈಟ್ ಮೇಲಿನ ಸಣ್ಣ ಮುಳ್ಳು) ನೋಡುವವರು ಇದನ್ನ ಪಾಲಿಸಬೇಡಿ. 3 ಮೈಕ್ರಾನ್ ಉದ್ದದ ಫೋಕಸ್‌ನಲ್ಲಿ ಮೇಲೊಂದು ಕೆಳಗೊಂದು ಇರುವ ಸ್ಪೈನ್‌ಗಳು ಒಂದರ ಮೇಲೊಂದು ಬೀಳುತ್ತವೆ. ಅವರಿಗೆ ಪೂರ್ತಿ ಎನ್‌ಎ ಬೇಕು. ಅದೇ ಕಾರಣಕ್ಕೆ ಆಳದಲ್ಲಿ ಸ್ಪೈನ್ ನೋಡೋರು ಡಿಫಾರ್ಮಬಲ್ ಮಿರರ್ (ಆಕಾರ ಬದಲಿಸುವ ಕನ್ನಡಿ) ಹಾಕಿ ಅಡಾಪ್ಟಿವ್ ಆಪ್ಟಿಕ್ಸ್ ಮಾಡ್ತಾರೆ, ಅಂದ್ರೆ ಅಬರೇಶನ್ ಸರಿಪಡಿಸ್ತಾರೆ.

ಆಳನೋಟ
ಫೆಮ್ಟೊಭಟ್ಟರೇ, 0.7ಕ್ಕೆ ಇಳಿಸಿದರೆ ಮೇಲ್ಮೈಯಲ್ಲಿ ಕಿರಣದ ಅಗಲವೂ ಕಿರಿದಾಗುತ್ತೆ. ಹಿನ್ನೆಲೆ ಬೆಳಕು ಹೆಚ್ಚಲ್ಲವಾ?

ಫೆಮ್ಟೊಭಟ್ಟ
ಸ್ವಲ್ಪ ಹೆಚ್ತದೆ, ಒಪ್ಪಿದೆ. ಅದಕ್ಕೇ 0.4ಕ್ಕೆಲ್ಲ ಇಳಿಸಬೇಡಿ ಅನ್ನುವುದು. 0.6ರಿಂದ 0.8ರ ನಡುವೆ ನಿಮ್ಮ ಸ್ಯಾಂಪಲ್‌ನಲ್ಲೇ ಪ್ರಯತ್ನಿಸಿ, ನಾಳಕ್ಕೂ ಕೋಶಕ್ಕೂ ಅನುಪಾತ ಎಲ್ಲಿ ಚೆನ್ನಾಗಿದೆ ಅಲ್ಲಿ ನಿಲ್ಲಿ.

ಕಿಟಕಿಗಾಜು
ಪಲ್ಸ್ ವಿಷಯ ಬಿಡಿಸಿ ಹೇಳ್ತೀರಾ? ಲೇಸರ್‌ನಲ್ಲೇ ಪ್ರೀಕಾಂಪೆನ್ಸೇಶನ್ (ಗಾಜಿನಲ್ಲಿ ಪಲ್ಸ್ ಉದ್ದವಾಗೋದನ್ನ ಮೊದಲೇ ಸರಿದೂಗಿಸೋ ವ್ಯವಸ್ಥೆ) ಇದೆ, ತರಂಗಾಂತರ ಕೊಟ್ಟರೆ ತಾನೇ ಹೊಂದಿಸಿಕೊಳ್ಳುತ್ತೆ.

ಫೆಮ್ಟೊಭಟ್ಟ
ತಾನೇ ಹೊಂದಿಸುವುದು ಒಳಗಿರುವ ಸಂಖ್ಯೆಗಳ ಪಟ್ಟಿ ನೋಡಿ. ನಿಮ್ಮ ಟೇಬಲ್ ಮೇಲೆ ಎಷ್ಟು ಗಾಜು ಉಂಟು ಅಂತ ಲೇಸರ್‌ಗೆ ಏನು ಗೊತ್ತು? ಪೊಕೆಲ್ಸ್ ಸೆಲ್‌ನ (ಪವರ್ ಏರಿಳಿಸುವ ಸಾಧನ) ಹರಳೊಂದೇ ಸಾವಿರಾರು ಫೆಮ್ಟೊಸೆಕೆಂಡ್-ಸ್ಕ್ವೇರ್ ಡಿಸ್ಪರ್ಷನ್ (ಪಲ್ಸನ್ನು ಎಳೆದು ಉದ್ದ ಮಾಡುವ ಗುಣ) ಸೇರಿಸ್ತದೆ, ಸ್ಕ್ಯಾನ್ ಲೆನ್ಸ್, ಟ್ಯೂಬ್ ಲೆನ್ಸ್, ಆಬ್ಜೆಕ್ಟಿವ್ ಮೇಲಿಂದ ಮೇಲೆ. ಒಟ್ಟು 10,000 ಆಗುವುದು ಸಾಮಾನ್ಯ. 100 ಫೆಮ್ಟೊಸೆಕೆಂಡ್ ಪಲ್ಸ್ 10,000 ದಾಟಿದ್ರೆ 295 ಆಗಿ ಹೊರಗೆ ಬರ್ತದೆ. ಟೂ-ಫೋಟಾನ್ ಸಿಗ್ನಲ್ ಪಲ್ಸ್ ಉದ್ದಕ್ಕೆ ವಿಲೋಮ, ಹಾಗಾಗಿ ಸಿಗ್ನಲ್ ಮೂರರಲ್ಲಿ ಒಂದಕ್ಕೆ ಕುಸೀತು. ಪವರ್ ಮೀಟರ್ ಮಾತ್ರ ಅದೇ 180 ತೋರಿಸ್ತದೆ. ಕಾಣದ ನಷ್ಟ ಇದು.

ಆಟೊಕೊರಿಲೇಟರ್ (ಪಲ್ಸ್ ಉದ್ದ ಅಳೆಯುವ ಉಪಕರಣ) ಇದ್ದರೆ ಆಬ್ಜೆಕ್ಟಿವ್ ಕೆಳಗೆ ಅಳೆಯಿರಿ. ಇಲ್ಲದಿದ್ರೆ ಕ್ಷಾರೀಯ ಬಫರ್‌ನಲ್ಲಿ ಫ್ಲೋರೆಸಿನ್ ಕರಗಿಸಿ, ಸ್ಲೈಡ್ ಮೇಲೆ ಒಂದು ತೊಟ್ಟು ಇಟ್ಟು ಗಾಜು ಮುಚ್ಚಿ, 5 ಮಿಲಿವ್ಯಾಟ್ ಹಾಕಿ. ಲೇಸರ್ ಸಾಫ್ಟ್‌ವೇರ್‌ನಲ್ಲಿ ಡಿಸ್ಪರ್ಷನ್ ಅನ್ನು ಕೈಯಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೀರಿ, ಸರಾಸರಿ ಬೆಳಕು ಬರೆದುಕೊಳ್ಳಿ. ಶಿಖರ ಎಲ್ಲಿದೆಯೋ ಅದೇ ನಿಮ್ಮ ಸಂಖ್ಯೆ. ಪ್ರತಿ ಹೆಜ್ಜೆಯಲ್ಲೂ ಪವರ್ ಅಳೆದು ಒಂದೇ ಇಡಿ, ಪ್ರಿಸಂ ಸರಿಯುವಾಗ ಪವರ್ ಕೂಡ ಬದಲಾಗ್ತದೆ.

ಶಿಖರ ಎಲ್ಲೂ ಸಿಗದೆ ಒಂದು ತುದಿಗೆ ಏರುತ್ತಲೇ ಹೋದ್ರೆ ಪ್ರೀಕಾಂಪೆನ್ಸೇಶನ್‌ನ ವ್ಯಾಪ್ತಿ ಸಾಲ್ತಾ ಇಲ್ಲ ಅಂತ.

ನೀಲಿಫಿಲ್ಟರ್
ಹಾಗೇ ಒಂದು ಸ್ಪೆಕ್ಟ್ರೊಮೀಟರ್ ಇಟ್ಟು 920ರ ಸ್ಪೆಕ್ಟ್ರಂ ನೋಡಿ. 140 ಫೆಮ್ಟೊಸೆಕೆಂಡ್ ಪಲ್ಸ್ ಆದರೆ ಸುಮಾರು 6 ನ್ಯಾನೊಮೀಟರ್ ಅಗಲದ ನುಣುಪಾದ ಗುಡ್ಡ ಕಾಣಬೇಕು. ಗುಡ್ಡದ ಮೇಲೆ ಸೂಜಿಯಂಥ ಒಂದು ಗೆರೆ ಎದ್ದಿದ್ದರೆ ಸಿಡಬ್ಲ್ಯೂ ಬ್ರೇಕ್‌ಥ್ರೂ: ಪವರ್‌ನ ಒಂದು ಪಾಲು ಪಲ್ಸ್ ಆಗದೆ ಸುಮ್ಮನೆ ಹರೀತಿದೆ. ಅದು ಪ್ರಾಣಿಯನ್ನ ಬಿಸಿ ಮಾಡುತ್ತೆ, ಸಿಗ್ನಲ್ ಕೊಡಲ್ಲ.

ಹುಬ್ಳಿ_ಆಪ್ಟಿಕ್ಸ್
ಮಳಿಗಾಲದಾಗ ಇದು ಭಾಳ ಆಗತದ್ರಿ. ಗಾಳಿಯೊಳಗಿನ ನೀರಾವಿ 930ರಿಂದ 960ರ ನಡುವ ಬೆಳಕು ಹೀರತದ, ಟೈಟೇನಿಯಂ-ಸಫೈರ್ ಆ ಜಾಗದಾಗ ಮೋಡ್‌ಲಾಕ್ (ಪಲ್ಸ್ ಆಗಿ ಹೊಮ್ಮೋ ಸ್ಥಿತಿ) ಬಿಟ್ಟು ಕೊಡತದ. ಮುಚ್ಚಿದ ಲೇಸರ್ ಇದ್ರ ಒಳಗ ಒಣಗಾಳಿ ತಿರಗಿಸೋ ಪಂಪ್ ಇರತದ, ಅದರ ಡೆಸಿಕೆಂಟ್ ಕಾರ್ಟ್ರಿಜ್ ಬದಲಿ ಮಾಡ್ರಿ. ಹಳೇ ತೆರೆದ ಲೇಸರ್ ಇದ್ರ ಒಣ ನೈಟ್ರೋಜನ್ ಪರ್ಜ್. ಕೋಣಿ ಡಿಹ್ಯುಮಿಡಿಫೈಯರ್ ಬಂದ್ ಮಾಡಿ ಹೋಗೋ ರೂಢಿ ಇದ್ರ ಅದನ್ನ ಬಿಡ್ರಿ. ಕರೆಂಟ್ ಹೋದಾಗ ಚಿಲ್ಲರ್ ಯುಪಿಎಸ್ ಮ್ಯಾಲೆ ಐತೋ ಇಲ್ಲೋ ಅದನ್ನೂ ನೋಡ್ರಿ. ಬರೇ ಲೇಸರ್‌ಗೆ ಯುಪಿಎಸ್ ಕೊಟ್ಟು ಚಿಲ್ಲರ್ ಬಿಟ್ಟಿರೋ ಲ್ಯಾಬ್ ಅದಾವ.

ಮಲೆನಾಡಸಸ್ಯ
ಇದೇ ಯಂತ್ರದಲ್ಲಿ ಕಾಫಿ ಎಲೆಯೊಳಗೆ ತುಕ್ಕು ರೋಗದ ಶಿಲೀಂಧ್ರದ ಎಳೆ ಹೋಗುವುದನ್ನ ಜೀವಂತ ನೋಡಬಹುದಾ? ಎಲೆ 300 ಮೈಕ್ರಾನ್ ಸಹ ದಪ್ಪ ಇಲ್ಲ, ಸುಲಭ ಅನಿಸುತ್ತೆ.

ನೀಲಿಫಿಲ್ಟರ್
ತೆಳುವಾದರೂ ಸುಲಭ ಅಲ್ಲ. ಎಲೆಯೊಳಗಿನ ಗಾಳಿಗೂಡುಗಳು ಬೆಳಕನ್ನ ಚದುರಿಸಿಬಿಡುತ್ತವೆ. ಪರ್‌ಫ್ಲೋರೊಡೆಕಾಲಿನ್ ದ್ರವದಲ್ಲಿ ಎಲೆ ಮುಳುಗಿಸಿದರೆ ಅದು ಗಾಳಿಯ ಜಾಗಕ್ಕೆ ನುಗ್ಗಿ ಆಳ ಸಿಗುತ್ತೆ, ಎಲೆ ಉಸಿರಾಡೋದೂ ನಿಲ್ಲಲ್ಲ. ಕ್ಲೋರೊಫಿಲ್ 650ರಿಂದ 720ರವರೆಗೆ ಕೆಂಪಾಗಿ ಹೊಳೆಯುತ್ತೆ, ಹಾಗಾಗಿ ಶಿಲೀಂಧ್ರಕ್ಕೆ ಹಸಿರು ಚಾನೆಲ್ ಇಟ್ಟುಕೊಳ್ಳಿ. ಪವರ್ ತುಂಬ ಕಡಿಮೆ ಇರಲಿ, ಕ್ಲೋರೊಪ್ಲಾಸ್ಟ್ ಬಿಸಿಯಾಗಿ ಗುಳ್ಳೆ ಏಳುತ್ತೆ. ಸ್ಟಾರ್ಚ್ ಕಣಗಳು ಸೆಕೆಂಡ್ ಹಾರ್ಮೋನಿಕ್‌ನಲ್ಲಿ (ಲೇಸರ್‌ನ ಅರ್ಧ ತರಂಗಾಂತರದ ಬೆಳಕು) ಚೆನ್ನಾಗಿ ಹೊಳೆಯುತ್ತವೆ, ಅವನ್ನ ಶಿಲೀಂಧ್ರ ಅಂದುಕೊಳ್ಳಬೇಡಿ. ತರಂಗಾಂತರ 20 ನ್ಯಾನೊಮೀಟರ್ ಸರಿಸಿ: ಹಾರ್ಮೋನಿಕ್ ಆದರೆ ಅದರ ಬಣ್ಣವೂ ಸರಿಯಾಗಿ 10 ಸರಿಯುತ್ತೆ, ಫ್ಲೋರೆಸೆನ್ಸ್ ಸರಿಯಲ್ಲ.

ಜೀಬ್ರಾಮೀನು
ಮೀನಿನ ಮರಿಯವರಿಗೂ ಒಂದು ಮಾತು. 5ರಿಂದ 7 ದಿನದ ಮರಿಗೆ ತ್ರೀ-ಫೋಟಾನ್ ಕನಸು ಬೇಡ, ಪಾರದರ್ಶಕ ಪ್ರಾಣಿ, 300 ಮೈಕ್ರಾನ್ ಸಾಕು. 2 ಪರ್ಸೆಂಟ್ ಲೋ-ಮೆಲ್ಟ್ ಅಗರೋಸ್, ಕಣ್ಣಿನ ಸುತ್ತ ಕತ್ತರಿಸಿ ತೆಗೆದರಾಯ್ತು. ಲೈಟ್‌ಶೀಟ್ (ಬೆಳಕಿನ ತೆಳು ಹಾಳೆ ಹಾಯಿಸುವ) ಮೈಕ್ರೊಸ್ಕೋಪ್‌ನ 488 ನೀಲಿ ಬೆಳಕು ಮೀನಿನ ಕಣ್ಣಿಗೆ ಕಾಣುತ್ತೆ, 920 ಕಾಣೋದು ತೀರಾ ಕಡಿಮೆ. ಟೂ-ಫೋಟಾನ್‌ನ ದೊಡ್ಡ ಲಾಭ ಇಲ್ಲಿ ಅದೇ.

ಆಳನೋಟ
ಎರಡು ಫೋಟಾನ್ ಒಟ್ಟಿಗೆ ಹೀರುವ ಲೆಕ್ಕ ಬರೆದ ಗೊಪರ್ಟ್-ಮೇಯರ್‌ಗೆ ನೊಬೆಲ್ ಬಂದಿದ್ದೂ ಇದಕ್ಕೇ. 1931ರಲ್ಲಿ ಬರೆದ ಸಿದ್ಧಾಂತ, ಲೇಸರ್ ಹುಟ್ಟೋಕೆ 30 ವರ್ಷ ಮೊದಲು.

ಪದರಐದು
ಸಿದ್ಧಾಂತ 1931ರದ್ದು ಸರಿ, ನೊಬೆಲ್ ಇದಕ್ಕಲ್ಲ. 1963ರಲ್ಲಿ ಬಂದಿದ್ದು ಪರಮಾಣು ಬೀಜದ ಶೆಲ್ ಮಾದರಿಗೆ. ಟೂ-ಫೋಟಾನ್ ಹೀರಿಕೆಯನ್ನ ಪ್ರಯೋಗದಲ್ಲಿ ತೋರಿಸಿದ್ದು 1961ರಲ್ಲಿ, ಮೈಕ್ರೊಸ್ಕೋಪ್ ಆಗಿದ್ದು 1990ರಲ್ಲಿ ಕಾರ್ನೆಲ್‌ನ ಡೆಂಕ್, ಸ್ಟ್ರಿಕ್ಲರ್, ವೆಬ್ ಕೈಯಲ್ಲಿ. ಹೀರಿಕೆ ಅಳೆಯುವ ಜಿಎಂ ಅನ್ನೋ ಮಾನಕ್ಕೆ ಅವರ ಹೆಸರಿದೆ.

ಕಿಟಕಿಗಾಜು
ಪರೀಕ್ಷೆಗಳು ಮುಗಿದವು. ಫಲಿತಾಂಶ:

ಶಟರ್ ಮುಚ್ಚಿದಾಗ ಹಿಸ್ಟೊಗ್ರಾಂ ಸ್ವಚ್ಛ, ಪರದೆ ಆನ್ ಇದ್ದಾಗಲೂ. ಲಾಗ್-ಲಾಗ್ ಇಳಿಜಾರು 1.9. ಸ್ಪೆಕ್ಟ್ರಂನಲ್ಲಿ ಸೂಜಿ ಇಲ್ಲ. ಫ್ಲೋರೆಸಿನ್ ಶಿಖರ ಮಾತ್ರ ಲೇಸರ್ ಒಳಗಿನ ಪಟ್ಟಿ ಹೇಳಿದ ಜಾಗದಿಂದ ತುಂಬಾ ದೂರ ಇತ್ತು, ಅಲ್ಲಿಗೆ ಹೊಂದಿಸಿದರೆ ಅದೇ ಪವರ್‌ಗೆ ಬೆಳಕು 2.2 ಪಟ್ಟು. ಕಿರಣವನ್ನ 10 ಮಿ.ಮೀ.ಗೆ ಇಳಿಸಿದ್ವಿ. ಈಗ 550ರಲ್ಲಿ 130 ಮಿಲಿವ್ಯಾಟ್‌ಗೇ ಕೋಶಗಳು ಬೇರೆ ಬೇರೆಯಾಗಿ ಕಾಣ್ತಿವೆ. ನಾಳದ ಒಳಗಿನ ಬೆಳಕು 550ರಲ್ಲಿ ಸುತ್ತಲಿನ ಶೇ. 40, 650ರಲ್ಲಿ ಶೇ. 75ರ ಹತ್ತಿರ. ಅಲ್ಲಿಂದ ಕೆಳಗೆ ಏನು ಮಾಡಿದರೂ ಬೂದಿ.

ಫೆಮ್ಟೊಭಟ್ಟ
ಹಾಗಾದ್ರೆ ಎರಡು ಬೇರೆ ಬೇರೆ ಕಾಯಿಲೆ. 550ರದ್ದು ಪಲ್ಸ್ ಮತ್ತು ಗಾಜು, ಅದು ಗುಣವಾಯ್ತು. 650ರದ್ದು ನಿಜವಾದ ಮಿತಿ, ಈ ಹಚ್ಚುವಿಕೆಯಲ್ಲಿ ಅದನ್ನು ಲೇಸರ್ ಪವರ್ ದಾಟಿಸುವುದಿಲ್ಲ. 5ನೇ ಪದರದ ಮೇಲ್ಭಾಗ ಸಿಕ್ಕಿತು. ಕೆಳಭಾಗಕ್ಕೆ ಪದರಐದು ಹೇಳಿದ ಕ್ರಿ ದಾರಿ ಮೊದಲು ನೋಡಿ.

ಆಳನೋಟ
ನನ್ನ ಮಾತು ಪೂರ್ತಿ ಬಿದ್ದುಹೋಗಿಲ್ಲ ಅಂದುಕೊಳ್ತೀನಿ. 6ನೇ ಪದರ, ಹಿಪೊಕ್ಯಾಂಪಸ್ ಮುಂದಿನ ಯೋಜನೆಯಲ್ಲಿದ್ದರೆ ಅರ್ಜಿ ಹಾಕಿ. ಹಾಕುವವರು ಇಷ್ಟು ಗಮನಿಸಿ.

1300ರಲ್ಲಿ ಸ್ಕ್ಯಾಟರಿಂಗ್ ಲೆಂತ್ 300 ಮೈಕ್ರಾನ್ ಆಸುಪಾಸು. ಫೋಕಸ್‌ನಲ್ಲಿ 1.5 ನ್ಯಾನೊಜೂಲ್ ಬೇಕು ಅಂದರೆ 1 ಮಿ.ಮೀ. ಆಳಕ್ಕೆ ಮೇಲ್ಮೈಯಲ್ಲಿ ಪ್ರತಿ ಪಲ್ಸ್‌ಗೆ 42 ನ್ಯಾನೊಜೂಲ್. 1 ಮೆಗಾಹರ್ಟ್ಜ್ ಲೇಸರ್ ಆದರೆ 42 ಮಿಲಿವ್ಯಾಟ್, ಪ್ರಾಣಿ ತಡೆಯುತ್ತೆ. ಅದೇ 80 ಮೆಗಾಹರ್ಟ್ಜ್ ಆಗಿದ್ದರೆ 3.4 ವ್ಯಾಟ್, ಮಿದುಳು ಬೆಂದೇ ಹೋಗುತ್ತೆ. ಅದಕ್ಕೇ ತ್ರೀ-ಫೋಟಾನ್‌ಗೆ ನಿಧಾನದ ಲೇಸರ್.

ನಿಧಾನ ಅಂದರೆ ವೇಗದ ಬೆಲೆ ತೆರಬೇಕು. 512 ಬೈ 512 ಚಿತ್ರದಲ್ಲಿ 2,62,144 ಪಿಕ್ಸೆಲ್. ಪಿಕ್ಸೆಲ್‌ಗೆ ಒಂದೇ ಪಲ್ಸ್ ಕೊಟ್ಟರೂ 1 ಮೆಗಾಹರ್ಟ್ಜ್‌ನಲ್ಲಿ ಸೆಕೆಂಡಿಗೆ 4 ಫ್ರೇಮ್ ಸಹ ಆಗಲ್ಲ. ರೆಸೊನೆಂಟ್ ಸ್ಕ್ಯಾನರ್‌ನ 30 ಫ್ರೇಮ್ ಅಭ್ಯಾಸ ಆದವರು ಇದನ್ನ ಖರೀದಿಗೆ ಮೊದಲೇ ತಿಳಿದಿರಬೇಕು. ಫ್ರೇಮ್ ಚಿಕ್ಕದು ಮಾಡಿ, ಅಥವಾ 2ರಿಂದ 4 ಮೆಗಾಹರ್ಟ್ಜ್ ಲೇಸರ್ ಕೇಳಿ. ಡಿಜಿಟೈಸರ್ (ಪಿಎಂಟಿ ಸಿಗ್ನಲನ್ನ ಸಂಖ್ಯೆ ಮಾಡುವ ಸಾಧನ) ಲೇಸರ್ ಕ್ಲಾಕ್‌ಗೆ ಕಟ್ಟಿರಲೇಬೇಕು, ಪಲ್ಸ್ ಇಲ್ಲದ ಹೊತ್ತಿನ ಗದ್ದಲವನ್ನ ಸುಮ್ಮನೆ ಯಾಕೆ ಸೇರಿಸಿಕೊಳ್ಳೋದು?

ಫೆಮ್ಟೊಭಟ್ಟ
ಇದು ಒಳ್ಳೆ ಲೆಕ್ಕ. ಡಿಸ್ಪರ್ಷನ್ ಮಾತೂ ಸೇರಿಸಿ: ಪಲ್ಸ್ 50 ಫೆಮ್ಟೊಸೆಕೆಂಡ್, ಸಿಗ್ನಲ್ ಪಲ್ಸ್ ಉದ್ದದ ವರ್ಗಕ್ಕೆ ವಿಲೋಮ. ಎರಡು ಪಟ್ಟು ಉದ್ದವಾದ್ರೆ ನಾಲ್ಕು ಪಟ್ಟು ನಷ್ಟ. 1300ರ ಹತ್ತಿರ ಫ್ಯೂಸ್ಡ್ ಸಿಲಿಕಾದ ಡಿಸ್ಪರ್ಷನ್ ಸೊನ್ನೆ, ಹಾಗಂತ ಆಬ್ಜೆಕ್ಟಿವ್ ಒಳಗಿನ ಭಾರಿ ಗಾಜು ಸೊನ್ನೆ ಅಲ್ಲ. 1700ಕ್ಕೆ ಹೋದ್ರೆ ಸಿಲಿಕಾ ತಿರುಗಿ ಋಣ ಆಗ್ತದೆ, ಆಗ ಸರಿದೂಗಿಸಲಿಕ್ಕೆ ಸಿಲಿಕಾನ್ ಅಥವಾ ಝಿಂಕ್ ಸೆಲೆನೈಡ್ ತಟ್ಟೆ ಇಡ್ತಾರೆ.

ಹುಬ್ಳಿ_ಆಪ್ಟಿಕ್ಸ್
ನೀರೂ ಕುಡೀತದ್ರಿ ಬೆಳಕನ್ನ. 2 ಮಿ.ಮೀ. ನೀರಿನ ಪದರ 1300ರಾಗ ಸುಮಾರು 20 ಪರ್ಸೆಂಟ್ ತಿಂತದ, ನಡೀತದ. 1700ರಾಗ ಮೂರನೇ ಎರಡು ಪಾಲು ತಿಂತದ. ಅದಕ್ಕ ಅಲ್ಲಿ ಭಾರಜಲ ಹಾಕೂದು. ಭಾರಜಲ ತೆರೆದಿಟ್ರ ಹವಾದೊಳಗಿನ ತೇವ ಎಳಕೊಂಡು ಸಾದಾ ನೀರಾಗತದ, ಮುಚ್ಚಿ ಇಡ್ರಿ, ಆಗಾಗ ಬದಲಿ ಮಾಡ್ರಿ. ಮತ್ತ ಖರೀದಿ ಮೊದಲು ಆಬ್ಜೆಕ್ಟಿವ್, ಸ್ಕ್ಯಾನ್ ಲೆನ್ಸ್, ಟ್ಯೂಬ್ ಲೆನ್ಸ್ ಕೋಟಿಂಗ್ 1300ಕ್ಕ ಎಷ್ಟು ಬಿಡತದ ಅನ್ನೋ ಗ್ರಾಫ್ ಬರವಣಿಗಿಯೊಳಗ ತಗೋರಿ. ಟೂ-ಫೋಟಾನ್‌ಗೆ ಮಾಡಿದ್ದು 1100 ದಾಟಿದ ಮ್ಯಾಲೆ ಬೀಳತಾವ.

ಪದರಐದು
ಆಳಕ್ಕೆ ಇಳಿದವರಿಗೆ ಒಂದು ಗುರುತು: 1300ರಲ್ಲಿ ಥರ್ಡ್ ಹಾರ್ಮೋನಿಕ್ 433ರ ಹತ್ತಿರ ಬರುತ್ತೆ. ನೀಲಿ ಚಾನೆಲ್ ಒಂದನ್ನ ಅದಕ್ಕೇ ಬಿಡಿ. ಮಯೆಲಿನ್ (ನರತಂತುವಿನ ಕೊಬ್ಬಿನ ಹೊದಿಕೆ) ಅದರಲ್ಲಿ ಹೊಳೆಯುತ್ತೆ, ಕಾರ್ಟೆಕ್ಸ್ ತಳದ ಬಿಳಿ ನಾರಿನ ಪದರ ಬಂದಾಗ ಚಿತ್ರದ ತುಂಬ ಎಳೆಎಳೆ ಕಾಣುತ್ತೆ. ಆಳ ಸ್ಟೇಜ್ ಸಂಖ್ಯೆಯಲ್ಲಿ ನಂಬೋದಕ್ಕಿಂತ ಇದನ್ನ ನಂಬಬಹುದು. ಮೇಲ್ತುದಿಗೆ ಡ್ಯೂರಾದ ಕೊಲ್ಯಾಜನ್ ಸೆಕೆಂಡ್ ಹಾರ್ಮೋನಿಕ್ ಸೊನ್ನೆ ಗುರುತು.

ನೀಲಿಫಿಲ್ಟರ್
ಮತ್ತೆ ಆಳದಿಂದ ಮೇಲಕ್ಕೆ ಬರುವಾಗ ಪವರ್ ಇಳಿಸದೆ ಬರಬೇಡಿ. 42 ನ್ಯಾನೊಜೂಲ್ 1 ಮಿ.ಮೀ. ಆಳಕ್ಕೆ ಸರಿ, ಅದೇ 200 ಮೈಕ್ರಾನ್‌ನಲ್ಲಿ ಫೋಕಸ್ ಆದರೆ ಅಂಗಾಂಶ ಸಿಡಿದು ಗುಳ್ಳೆ ಏಳುತ್ತೆ, ಆ ಪ್ರಾಣಿ ಅಲ್ಲಿಗೆ ಮುಗೀತು. ಸಾಫ್ಟ್‌ವೇರ್‌ನಲ್ಲಿ ಝಡ್‌ಗೆ ಕಟ್ಟಿದ ಪವರ್ ಕರ್ವ್ ಹಾಕಿ: ಮೇಲ್ಮೈ ಪವರ್, ಲೆಂತ್ ಕಾನ್‌ಸ್ಟಂಟ್, ಎರಡೇ ಸಂಖ್ಯೆ. ಟೂ-ಫೋಟಾನ್‌ಗೂ ಇದು ಇರಲಿ.

ಕಿಟಕಿಗಾಜು
ತುಂಬಾ ಉಪಕಾರ ಎಲ್ಲರಿಗೂ. ಈ ಸಲ ಅರ್ಜಿಯಲ್ಲಿ ಲೇಸರ್ ಬರೆಯಲ್ಲ, ಆಟೊಕೊರಿಲೇಟರ್ ಮತ್ತು ಗೋನಿಯೊಮೀಟರ್ ಬರೀತೀವಿ. ಕ್ರಿ ಮೌಸ್‌ಗೆ ನೀತಿ ಸಮಿತಿಯ ಅನುಮತಿ ಕೇಳ್ತೀವಿ. ಕೊನೆಯ ಪ್ರಶ್ನೆ: ನೀರು ಒಂದು ಗಂಟೆಗೆ ಆರಿಹೋಗ್ತಿದೆ, ನಡುವೆ ಹಾಕೋಕೆ ಹೋದರೆ ಇಲಿ ಬೆಚ್ಚುತ್ತೆ.

ಹುಬ್ಳಿ_ಆಪ್ಟಿಕ್ಸ್
ಅಲ್ಟ್ರಾಸೌಂಡ್ ಜೆಲ್ ಹಾಕ್ರಿ. ಹಂಗ ಬಾಟ್ಲಿಯಿಂದ ಹಾಕಬ್ಯಾಡ್ರಿ, ಗುಳ್ಳಿ ಇರತಾವ. ಸಿರಿಂಜ್‌ಗೆ ತುಂಬಿ ಸೆಂಟ್ರಿಫ್ಯೂಜ್ ಮಾಡಿ, ಗುಳ್ಳಿ ಹೋದಮ್ಯಾಲೆ ಹಚ್ಚ್ರಿ. ಕೆಲಸ ಮುಗದ ಕೂಡಲೇ ಆಬ್ಜೆಕ್ಟಿವ್ ಡಿಸ್ಟಿಲ್ಡ್ ನೀರಿನಾಗ ತೊಳೀರಿ, ಒಣಗಿದ್ರ ಕೋಟಿಂಗ್‌ಗೆ ಕೂಡತದ.

ಜೀಬ್ರಾಮೀನು
ಡಿಸ್ಕ್ ಜಾಗವನ್ನೂ ಅರ್ಜಿಯಲ್ಲಿ ಬರೀರಿ. 512 ಬೈ 512, 16 ಬಿಟ್, 30 ಫ್ರೇಮ್ ಅಂದರೆ ಒಂದು ಚಾನೆಲ್‌ಗೆ ಗಂಟೆಗೆ 56 ಜಿಬಿ.